ಗೋವಾ ಕಡಲಲ್ಲಿ ‘ವರುಣ’: ಭಾರತ–ಫ್ರಾನ್ಸ್ ನೌಕಾ ಅಭ್ಯಾಸದ ಬಗ್ಗೆ ವಾಸ್ಕೋ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಗದಗದ ಕಡೆಯವನು. ಗೋವಾದ ವಾಸ್ಕೋಗೆ ಬಂದು 20 ವರ್ಷ ದಾಟಿತು. ಬೈನಾ, ನವೆವಾಡೆ, ಝುವಾರಿನಗರ, ಎಲ್ಲಿ ಹೋದರೂ ನಮ್ಮವರೇ ಸಿಗುತ್ತಾರೆ. ಬಿಜಾಪುರ, ಬಾಗಲಕೋಟೆ, ಕೊಪ್ಪಳ, ಹಾವೇರಿ. ನೌಕಾಪಡೆಯ ಬೇಲಿ ಪಕ್ಕದಲ್ಲೇ ನಮ್ಮ ಸಂಸಾರ ನಡೆದಿದೆ. ಆದರೆ ಆ ಬೇಲಿಯಾಚೆ ಏನು ನಡೆಯುತ್ತದೆ ಅಂತ ಕನ್ನಡದಲ್ಲಿ ಬಿಡಿಸಿ ಹೇಳುವವರು ಕಮ್ಮಿ. ಕಡಲಲ್ಲಿ ಅಭ್ಯಾಸ ನಡೆದಾಗಲೆಲ್ಲ ಜನ ನನ್ನನ್ನು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ತಲೆ ಮೇಲೆ ಇಷ್ಟೊಂದು ಸದ್ದು, ಕಡಲಲ್ಲಿ ಇಷ್ಟೊಂದು ಹಡಗು. ಯುದ್ಧ ಬರ್ತಿದೆಯಾ?

ಇಲ್ಲ. ಎಲ್ಲರಿಗಿಂತ ಜಾಸ್ತಿ ಹೆದರುವವರು ಊರಿಂದ ಹೊಸದಾಗಿ ಬಂದವರು. ನೌಕಾಪಡೆಯ ಮಿಗ್-29ಕೆ ಯುದ್ಧವಿಮಾನ ಪಕ್ಕದ ದಾಬೋಲಿಂ ನಿಲ್ದಾಣದಿಂದ ಎದ್ದರೆ ನಮ್ಮ ಅಡುಗೆಮನೆಯ ಗೂಡಿನಲ್ಲಿ ಜೋಡಿಸಿಟ್ಟ ಸ್ಟೀಲ್ ತಟ್ಟೆಗಳು ಒಂದಕ್ಕೊಂದು ತಾಗಿ ಝಣಝಣ ಅನ್ನುತ್ತವೆ. ಅದು ಇಲ್ಲಿ ವಾರದ ದಿನಚರಿ. ಎರಡು ದೇಶಗಳ ಅಭ್ಯಾಸ ಅಂದರೆ ಆ ದಿನಚರಿ ಸ್ವಲ್ಪ ಜೋರಾಗುತ್ತದೆ, ಅಷ್ಟೇ. ಇಂಥ ಅಭ್ಯಾಸಗಳಿಗೆ ತಿಂಗಳುಗಟ್ಟಲೆ ಮೊದಲೇ ಕೂತು ಯೋಜನೆ ಹಾಕಿರುತ್ತಾರೆ. ಯಾವ ಹಡಗು, ಯಾವ ದಿನ, ಎಷ್ಟು ಹೊತ್ತು ಅಂತ ಎಲ್ಲವೂ ಕಾಗದದ ಮೇಲೆ ಬಂದ ಮೇಲೇ ನೀರಿಗಿಳಿಯುವುದು.

‘ವರುಣ’ ಅಂದರೆ ಯಾವ ಅಭ್ಯಾಸ? ಯಾವಾಗಿಂದ ನಡೆಯುತ್ತಿದೆ?

ಭಾರತ ಮತ್ತು ಫ್ರಾನ್ಸ್ ನೌಕಾಪಡೆಗಳು ಸೇರಿ ಮಾಡುವ ಅಭ್ಯಾಸ. 1993ರಲ್ಲಿ ಶುರುವಾಯಿತು, 2001ರಲ್ಲಿ ಈ ಹೆಸರು ಬಂತು. ನಮ್ಮ ಪತ್ರಿಕೆಗಳಲ್ಲಿ ವರುಣ ಅಂದರೆ ಮಳೆ: ವರುಣನ ಕೃಪೆ, ವರುಣನ ಆರ್ಭಟ. ಆದರೆ ಆತ ನೀರಿನ ಒಡೆಯ, ಪಶ್ಚಿಮ ದಿಕ್ಕಿನ ಪಾಲಕ. ಭಾರತೀಯ ನೌಕಾಪಡೆಯ ಧ್ಯೇಯವಾಕ್ಯವೇ ‘ಶಂ ನೋ ವರುಣಃ’. ಪಶ್ಚಿಮದ ಕಡಲಲ್ಲಿ ನಡೆಯುವ ಕೆಲಸಕ್ಕೆ ಇದಕ್ಕಿಂತ ಒಪ್ಪುವ ಹೆಸರು ಸಿಗುವುದು ಕಷ್ಟ.

ಭೂಸೇನೆಗಳ ಅಭ್ಯಾಸಕ್ಕೆ ‘ಶಕ್ತಿ’, ವಾಯುಪಡೆಗಳದ್ದಕ್ಕೆ ‘ಗರುಡ’ ಅಂತ ಹೆಸರು. ಮೂರೂ ನಮ್ಮ ಮನೆಯ ಹೆಸರುಗಳೇ.

ವರುಣ ಪ್ರತಿ ಸಲ ಇಲ್ಲೇ ನಡೆಯುವುದಿಲ್ಲ. 2015ರಲ್ಲಿ ಗೋವಾ ಕಡಲಲ್ಲಿ ನಡೆಯಿತು. ಆಗ ನಮ್ಮ ಹಳೆಯ ವಿಮಾನವಾಹಕ ನೌಕೆ ಐಎನ್ಎಸ್ ವಿರಾಟ್ ಭಾಗವಹಿಸಿತ್ತು. 2019ರಲ್ಲಿ ಮೊದಲ ಹಂತ ಗೋವಾದಲ್ಲಿ, ಎರಡನೆಯದು ಆಫ್ರಿಕಾದ ಜಿಬೂಟಿ ಹತ್ತಿರ. 2024ರ ಸೆಪ್ಟೆಂಬರ್‌ನಲ್ಲಿ ನಮ್ಮ ಐಎನ್ಎಸ್ ತಬರ್ ಮೆಡಿಟರೇನಿಯನ್ ಸಮುದ್ರದವರೆಗೂ ಹೋಗಿ ಅಭ್ಯಾಸ ಮಾಡಿತು. 2025ರ ಮಾರ್ಚ್ 19ರಿಂದ 22ರವರೆಗೆ 23ನೇ ಆವೃತ್ತಿ ಅರಬ್ಬಿ ಸಮುದ್ರದಲ್ಲಿ ನಡೆಯಿತು.

ಫ್ರಾನ್ಸ್ ಇರೋದು ಯುರೋಪಿನಲ್ಲಿ. ನಮ್ಮ ಸಾಗರದಲ್ಲಿ ಅವರಿಗೇನು ಕೆಲಸ?

ಈ ಪ್ರಶ್ನೆ ನ್ಯಾಯವಾದದ್ದು. ಉತ್ತರ ತಿಳಿದರೆ ಉಳಿದದ್ದೆಲ್ಲ ಸಲೀಸಾಗಿ ಅರ್ಥವಾಗುತ್ತದೆ. ಮಡಗಾಸ್ಕರ್ ಪಕ್ಕದ ರಿಯೂನಿಯನ್ ದ್ವೀಪ ಫ್ರಾನ್ಸಿನದ್ದು. ಮಯೋಟ್ ದ್ವೀಪವೂ ಅವರದ್ದೇ. ಅಲ್ಲಿಯ ಜನ ಫ್ರೆಂಚ್ ಪ್ರಜೆಗಳು, ಅಲ್ಲಿ ನಡೆಯುವ ವ್ಯಾಪಾರ ಯೂರೋದಲ್ಲಿ. ಅಂದರೆ ಹಿಂದೂ ಮಹಾಸಾಗರದಲ್ಲಿ ಫ್ರಾನ್ಸ್ ಅತಿಥಿಯಲ್ಲ, ಅಲ್ಲೇ ಮನೆ ಇರುವ ದೇಶ. ಇದರ ಜೊತೆಗೆ ಜಿಬೂಟಿಯಲ್ಲಿ ಅವರ ಸೈನಿಕ ನೆಲೆಯಿದೆ, ಅಬುಧಾಬಿಯಲ್ಲೂ ಇದೆ.

ನಮ್ಮ ತೈಲ ಬರುವ ದಾರಿ ಯಾವುದು? ಕೊಲ್ಲಿ ದೇಶಗಳಿಂದ ಈ ಅರಬ್ಬಿ ಸಮುದ್ರದ ಮೇಲೆಯೇ ಅಲ್ವಾ? ಯುರೋಪಿಗೆ ಹೋಗುವ ಸರಕು ಕೆಂಪು ಸಮುದ್ರದ ಬಾಯಿ ದಾಟಬೇಕು. ಆ ಬಾಯಿಯ ಪಕ್ಕದಲ್ಲೇ ಜಿಬೂಟಿ ಇದೆ. ಹಾಗಾಗಿ ದಾರಿ ಇಬ್ಬರದ್ದೂ ಹೌದು, ಕಾಯುವ ಅಗತ್ಯವೂ ಇಬ್ಬರಿಗೂ ಇದೆ. 2020ರಲ್ಲಿ ನಮ್ಮ ಪಿ-8ಐ ಗಸ್ತು ವಿಮಾನ ರಿಯೂನಿಯನ್‌ನಿಂದಲೇ ಹಾರಿ ಫ್ರೆಂಚರ ಜೊತೆ ಗಸ್ತು ಮಾಡಿತು. ಅಷ್ಟು ದೂರದಲ್ಲಿ ನಮ್ಮ ವಿಮಾನಕ್ಕೆ ಇಳಿಯಲು ಜಾಗ, ಇಂಧನ, ಸಿಬ್ಬಂದಿಗೆ ಊಟ–ವಸತಿ ಸಿಕ್ಕಿತು. ಗೆಳೆತನ ಅಂದರೆ ಸಮುದ್ರದಲ್ಲಿ ಹೀಗೆಯೇ ಕಾಣುವುದು.

ಅಭ್ಯಾಸದಲ್ಲಿ ನಿಜಕ್ಕೂ ಏನು ಮಾಡುತ್ತಾರೆ? ಸುಮ್ನೆ ಫೋಟೋಗೆ ಸಾಲಾಗಿ ನಿಲ್ಲುತ್ತಾರಾ?

ಪೇಪರಿನಲ್ಲಿ ಬರುವುದು ಆ ಸಾಲಾಗಿ ನಿಂತ ಫೋಟೋನೇ, ಅದಕ್ಕೆ ಜನ ಹಾಗಂದುಕೊಳ್ಳುತ್ತಾರೆ. ಅದು ಕೊನೆಯ ದಿನದ ಒಂದು ಗಂಟೆ ಕೆಲಸ. ಅದಕ್ಕೂ ಮೊದಲು ಎರಡು ಹಂತಗಳಿವೆ.

ಮೊದಲನೆಯದು ಬಂದರಿನ ಹಂತ. ಹಡಗುಗಳು ದಡಕ್ಕೆ ಬರುತ್ತವೆ. ಅಧಿಕಾರಿಗಳು ಒಬ್ಬರ ಹಡಗಿಗೆ ಇನ್ನೊಬ್ಬರು ಹೋಗಿ ನಕ್ಷೆ ಹರಡಿಕೊಂಡು ಕೂರುತ್ತಾರೆ. ಯಾವ ರೇಡಿಯೋ ಆವರ್ತನ, ಯಾವ ಸಂಕೇತ, ಅನಾಹುತವಾದರೆ ಯಾರು ಯಾರನ್ನು ಕರೆಯಬೇಕು ಎಂದು ತೀರ್ಮಾನಿಸುತ್ತಾರೆ. ನಾವಿಕರು ಸಂಜೆ ಹೊತ್ತು ಊರು ಸುತ್ತುತ್ತಾರೆ. 2019ರ ಮೇ ತಿಂಗಳಲ್ಲಿ ವಾಸ್ಕೋ ಮಾರ್ಕೆಟ್‌ನಲ್ಲಿ ಇಬ್ಬರು ಫ್ರೆಂಚ್ ಹುಡುಗರು ಮಾನ್ಕುರಾದ್ ಮಾವಿನಹಣ್ಣಿನ ಬುಟ್ಟಿ ಮುಂದೆ ನಿಂತಿದ್ದರು. ಮಾರುತ್ತಿದ್ದವರು ನಮ್ಮ ರೋಣ ಕಡೆಯ ಅಜ್ಜಿ. ಹಣ್ಣನ್ನು ಅಂಗೈಯಲ್ಲಿ ಹಿಸುಕಿ ಮೆತ್ತಗೆ ಮಾಡಿ, ತೊಟ್ಟು ಕಚ್ಚಿ ತೆಗೆದು, ಹೀರುವುದು ಹೇಗೆ ಅಂತ ತೋರಿಸಿದರು. ರಸ ಮೊಣಕೈವರೆಗೆ ಇಳಿಯಿತು. ಆ ಹುಡುಗರು ಹಾಗೇ ಮಾಡಿದರು, ಅವರ ಅಂಗಿಯೂ ಹಾಳಾಯಿತು, ಮತ್ತೆ ಒಂದು ಡಜನ್ ಕೊಂಡರು. ಅಜ್ಜಿ ಒಂದು ಹಣ್ಣು ಕೊಸರು ಹಾಕಿದರು.

ಎರಡನೆಯದು ಕಡಲ ಹಂತ. ಇಲ್ಲಿ ನಿಜವಾದ ಕೆಲಸ. ಒಬ್ಬರ ಹೆಲಿಕಾಪ್ಟರ್ ಇನ್ನೊಬ್ಬರ ಹಡಗಿನ ಮೇಲೆ ಇಳಿಯುತ್ತದೆ. ಹಡಗು ಅಲೆಗೆ ಏಳುತ್ತ ಬೀಳುತ್ತ ಇರುತ್ತದೆ, ಇಳಿಯುವ ಜಾಗ ಅಂಗಳದಷ್ಟೇ. ಕೈಸನ್ನೆ ಮಾಡುವವನು ಬೇರೆ ದೇಶದವನು. ಯುದ್ಧವಿಮಾನಗಳು ಸುಳ್ಳು ಕಾಳಗ ಮಾಡುತ್ತವೆ. 2025ರಲ್ಲಿ ಅವರ ರಫೇಲ್-ಎಂ ಮತ್ತು ನಮ್ಮ ಮಿಗ್-29ಕೆ ಆಕಾಶದಲ್ಲಿ ಎದುರಾಳಿಗಳಾಗಿ ಹಾರಿದವು. ಒಂದು ಜಲಾಂತರ್ಗಾಮಿ ಅಡಗುತ್ತದೆ, ಉಳಿದವರು ಹುಡುಕುತ್ತಾರೆ. ಇದು ಹೇಳಿದಷ್ಟು ಸುಲಭ ಅಲ್ಲ. ಮೇಲಿನ ನೀರು ಬಿಸಿ, ಕೆಳಗಿನದು ತಣ್ಣಗೆ. ಆ ಎರಡರ ನಡುವೆ ಶಬ್ದ ಬಾಗಿಬಿಡುತ್ತದೆ. ಜಲಾಂತರ್ಗಾಮಿ ಆ ಪದರದ ಕೆಳಗೆ ಸೇರಿಕೊಂಡರೆ ಮೇಲಿನ ಹಡಗಿನ ಸೋನಾರ್‌ಗೆ (ಶಬ್ದದಿಂದ ಹುಡುಕುವ ಯಂತ್ರ) ಕೇಳುವುದೇ ಕಷ್ಟ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಮಾತ್ರ ಇಂಧನ ತುಂಬಿಸುವ ಕೆಲಸ. ತೈಲದ ಹಡಗು ಮತ್ತು ಯುದ್ಧನೌಕೆ ಅಕ್ಕಪಕ್ಕ ಒಂದೇ ವೇಗದಲ್ಲಿ ಓಡಬೇಕು, ಗಂಟೆಗೆ ಸುಮಾರು 20 ಕಿಲೋಮೀಟರ್. ನಡುವೆ 40–50 ಮೀಟರ್ ಅಂತರ. ಮೊದಲು ಬಂದೂಕಿನಿಂದ ಒಂದು ತೆಳ್ಳನೆಯ ದಾರ ಹಾರಿಸುತ್ತಾರೆ. ಆಚೆಯವರು ಅದನ್ನು ಹಿಡಿದು ಎಳೆಯುತ್ತಾರೆ. ದಾರದ ಹಿಂದೆ ಹಗ್ಗ, ಹಗ್ಗದ ಹಿಂದೆ ಉಕ್ಕಿನ ತಂತಿ, ತಂತಿಯ ಮೇಲೆ ಪೈಪ್. ಇನ್ನೊಂದು ಹಗ್ಗಕ್ಕೆ ಬಣ್ಣದ ಬಾವುಟಗಳನ್ನು ಕಟ್ಟಿರುತ್ತಾರೆ, ಅಂತರ ಎಷ್ಟಿದೆ ಅಂತ ಕಣ್ಣಲ್ಲೇ ಅಳೆಯಲು. ಎರಡು ಹಡಗಿನ ನಡುವಿನ ನೀರು ರಭಸವಾಗಿ ಹರಿದು ಹಡಗುಗಳನ್ನು ಒಂದಕ್ಕೊಂದು ಸೆಳೆಯುತ್ತದೆ. ಚುಕ್ಕಾಣಿ ಹಿಡಿದವನ ಕೈ ಸ್ವಲ್ಪ ತಪ್ಪಿದರೂ ಡಿಕ್ಕಿ. ಹೀಗೆ ಗಂಟೆಗಟ್ಟಲೆ ನಡೆಯುತ್ತದೆ. ಫ್ರೆಂಚ್ ಹಡಗು ನಮ್ಮ ಐಎನ್ಎಸ್ ದೀಪಕ್‌ನಂಥ ತೈಲ ಹಡಗಿನಿಂದ ಇಂಧನ ತೆಗೆದುಕೊಳ್ಳಬೇಕೆಂದರೆ ಪೈಪಿನ ಬಾಯಿ ಹೊಂದಬೇಕು, ಸನ್ನೆ ಹೊಂದಬೇಕು, ಇಬ್ಬರ ಧೈರ್ಯವೂ ಹೊಂದಬೇಕು. ಕಷ್ಟ ಬಂದ ದಿನ ಮೊದಲ ಸಲ ಹೀಗೆ ಮಾಡಲು ಆಗುವುದಿಲ್ಲ. ಅದಕ್ಕೇ ಅಭ್ಯಾಸ.

ಯಾವ ಭಾಷೆಯಲ್ಲಿ ಮಾತಾಡುತ್ತಾರೆ?

ಇಂಗ್ಲಿಷ್. ಜೊತೆಗೆ ಬಾವುಟ, ದೀಪ, ಕೈಸನ್ನೆ.

ಇದರಿಂದ ಸಾಮಾನ್ಯರಿಗೆ ಯಾವತ್ತಾದರೂ ಉಪಯೋಗ ಆಗಿದೆಯಾ?

ಆಗಿದೆ. 2015ರಲ್ಲಿ ಯೆಮನ್‌ನಲ್ಲಿ ಯುದ್ಧ ಶುರುವಾದಾಗ ನಮ್ಮವರು ಸಾವಿರಾರು ಜನ ಅಲ್ಲಿ ಸಿಕ್ಕಿಹಾಕಿಕೊಂಡಿದ್ದರು. ‘ಆಪರೇಷನ್ ರಾಹತ್’ನಲ್ಲಿ ಐಎನ್ಎಸ್ ಸುಮಿತ್ರಾ ಮೊದಲು ಏಡನ್ ಬಂದರಿಗೆ ಹೋಯಿತು. ಜನರನ್ನು ಜಿಬೂಟಿಗೆ ಕರೆತಂದು, ಅಲ್ಲಿಂದ ವಿಮಾನದಲ್ಲಿ ಊರಿಗೆ ಕಳಿಸಿದರು. ಸುಮಾರು 4,640 ಭಾರತೀಯರು, 41 ದೇಶಗಳ ಸುಮಾರು 960 ಜನ ಜೀವ ಉಳಿಸಿಕೊಂಡರು. ಬೇರೆ ದೇಶದ ಬಂದರು, ಬೇರೆ ಪಡೆಗಳ ನೆಲೆ ಇರುವ ಊರಲ್ಲಿ ಇಂಥ ಕೆಲಸ ಮಾಡಬೇಕಾದರೆ ಗುರುತು–ಪರಿಚಯ ಇರಲೇಬೇಕು.

ಕಡಲ್ಗಳ್ಳರ ವಿಷಯವೂ ಇದೆ. 2008ರಿಂದ ನಮ್ಮ ನೌಕಾಪಡೆ ಏಡನ್ ಕೊಲ್ಲಿಯಲ್ಲಿ ಗಸ್ತು ತಿರುಗುತ್ತಿದೆ. 2024ರ ಮಾರ್ಚ್‌ನಲ್ಲಿ ಎಂವಿ ರುಯೆನ್ ಎಂಬ ಸರಕು ಹಡಗನ್ನು ಐಎನ್ಎಸ್ ಕೋಲ್ಕತಾ ಮತ್ತು ನೌಕಾಪಡೆಯ ಮಾರ್ಕೋಸ್ ಕಮಾಂಡೋಗಳು ಕಡಲ್ಗಳ್ಳರಿಂದ ಬಿಡಿಸಿದರು. ನಮ್ಮ ದಡದಿಂದ ಸುಮಾರು 2,600 ಕಿಲೋಮೀಟರ್ ದೂರದಲ್ಲಿ, 40 ಗಂಟೆಗಳ ಕಾರ್ಯಾಚರಣೆ. 17 ಸಿಬ್ಬಂದಿ ಪಾರಾದರು, 35 ಕಳ್ಳರನ್ನು ಮುಂಬೈಗೆ ತಂದು ಪೊಲೀಸರಿಗೆ ಒಪ್ಪಿಸಿದರು. ಆ ಬಿಡುಗಡೆ ನಮ್ಮವರೇ ಮಾಡಿದ್ದು. ಆದರೆ ಇಷ್ಟು ದೊಡ್ಡ ಸಮುದ್ರದಲ್ಲಿ ಯಾವ ಹಡಗು ಎಲ್ಲಿದೆ, ಯಾವುದು ದಾರಿ ತಪ್ಪಿದೆ ಅಂತ ಒಂದು ದೇಶವೇ ಕಣ್ಣಿಡಲು ಆಗದು. ಅದಕ್ಕಾಗಿ ಗುರುಗ್ರಾಮದಲ್ಲಿ 2018ರಿಂದ ಒಂದು ಮಾಹಿತಿ ಕೇಂದ್ರ ಇದೆ. ಅಲ್ಲಿಗೆ ತನ್ನ ಅಧಿಕಾರಿಯನ್ನು ಮೊದಲು ಕಳಿಸಿದ ದೇಶ ಫ್ರಾನ್ಸ್.

ಇಂಥ ಸರಕು ಹಡಗುಗಳಲ್ಲಿ ದುಡಿಯುವವರಲ್ಲಿ ನಮ್ಮ ಕರಾವಳಿಯ, ಗೋವಾದ ಹುಡುಗರು ಬಹಳ. ‘ಶಿಪ್ಪಿಗೆ ಹೋಗಿದ್ದಾನೆ’ ಅಂತ ಹೇಳುವ ಮನೆಗಳು ಇಲ್ಲಿ ಬೀದಿಗೆ ನಾಲ್ಕಿವೆ. ಅವರ ತಾಯಂದಿರಿಗೆ ಇದು ದೂರದ ಸುದ್ದಿ ಅಲ್ಲ.

ಅಭ್ಯಾಸಕ್ಕೆ ಗೋವಾನೇ ಯಾಕೆ?

ದಾಬೋಲಿಂನಲ್ಲಿ ಐಎನ್ಎಸ್ ಹಂಸ ಇದೆ, ನೌಕಾಪಡೆಯ ದೊಡ್ಡ ವಿಮಾನ ನೆಲೆ. ಮಿಗ್-29ಕೆ, ಪಿ-8ಐ ಎರಡೂ ಅಲ್ಲಿವೆ. ಮುರಗಾಂವ್ ಬಂದರು ಪಕ್ಕದಲ್ಲೇ, ಗೋವಾ ಶಿಪ್‌ಯಾರ್ಡ್ ಇನ್ನೂ ಹತ್ತಿರ. ಉತ್ತರಕ್ಕೆ ಹೋದರೆ ಮುಂಬೈಯಲ್ಲಿ ಪಶ್ಚಿಮ ನೌಕಾ ಕಮಾಂಡ್. ದಕ್ಷಿಣಕ್ಕೆ ಎರಡು–ಮೂರು ಗಂಟೆ ಬಸ್ ಪ್ರಯಾಣದಲ್ಲಿ ನಮ್ಮ ಕಾರವಾರದ ಐಎನ್ಎಸ್ ಕದಂಬ. ನಮ್ಮ ವಿಮಾನವಾಹಕ ನೌಕೆ ವಿಕ್ರಮಾದಿತ್ಯದ ತವರು ಬಂದರು ಅದು.

ಹೆಸರು ಗಮನಿಸಿ. ನೆಲೆಯ ಹೆಸರು ಕದಂಬ, ಗೋವಾ ಸರ್ಕಾರಿ ಬಸ್ಸಿನ ಹೆಸರೂ ಕದಂಬ. ಬನವಾಸಿಯ ಆ ಮನೆತನದ ಒಂದು ಕವಲು ಇಲ್ಲಿಯ ಚಂದೋರ್‌ನಿಂದ, ಆಮೇಲೆ ಗೋಪಕಪಟ್ಟಣದಿಂದ ಆಳಿತು. ಅವರ ಬಲವೇ ಹಡಗು ಮತ್ತು ಬಂದರು. 1961ರಲ್ಲಿ ಪೋರ್ಚುಗೀಸರಿಂದ ಗೋವಾ ಬಿಡಿಸುವಾಗ ಈ ಕಡಲಿಗೆ ಬಂದ ನೌಕೆಗಳಲ್ಲಿ ಒಂದರ ಹೆಸರು ಐಎನ್ಎಸ್ ಮೈಸೂರು. ಇಲ್ಲಿ ಬಾಡಿಗೆ ಮನೆಯಲ್ಲಿದ್ದು ‘ನಾವು ಹೊರಗಿನವರು’ ಅಂದುಕೊಳ್ಳುವ ನಮ್ಮ ಮಕ್ಕಳಿಗೆ ನಾನು ಇದನ್ನು ತಪ್ಪದೆ ಹೇಳುತ್ತೇನೆ.

ಅವರ ವಿಮಾನವಾಹಕ ನೌಕೆಗೂ ನಮ್ಮದಕ್ಕೂ ಏನು ವ್ಯತ್ಯಾಸ?

ಉದ್ದದಲ್ಲಿ ಹೆಚ್ಚುಕಮ್ಮಿ ಒಂದೇ. ಫ್ರಾನ್ಸಿನ ಶಾರ್ಲ್ ದ ಗಾಲ್ ಮತ್ತು ಕೊಚ್ಚಿಯಲ್ಲಿ ಕಟ್ಟಿದ ನಮ್ಮ ವಿಕ್ರಾಂತ್ ಎರಡೂ ಸುಮಾರು 262 ಮೀಟರ್. ಅವರದ್ದು ಅಣುಶಕ್ತಿಯಿಂದ ಓಡುತ್ತದೆ, ನಮ್ಮದು ಗ್ಯಾಸ್ ಟರ್ಬೈನ್‌ನಿಂದ. ಅವರು ಆವಿಯ ಬಲದಿಂದ ವಿಮಾನವನ್ನು ಕವಣೆಗಲ್ಲಿನ ಹಾಗೆ ಎಸೆಯುತ್ತಾರೆ. ನಮ್ಮ ಹಡಗಿನ ಮೂತಿ ಮೇಲಕ್ಕೆ ಬಾಗಿದೆ, ವಿಮಾನ ತನ್ನ ಎಂಜಿನ್ ಬಲದಿಂದಲೇ ಆ ಏರು ಹತ್ತಿ ಹಾರುತ್ತದೆ. ಇಳಿಯುವುದು ಮಾತ್ರ ಎರಡರಲ್ಲೂ ಒಂದೇ ರೀತಿ: ವಿಮಾನದ ಬಾಲದ ಕೊಕ್ಕೆ ಡೆಕ್ ಮೇಲಿನ ತಂತಿಗೆ ಸಿಕ್ಕಬೇಕು.

2025ರ ಮಾರ್ಚ್‌ನಲ್ಲಿ ಇವೆರಡೂ ಅರಬ್ಬಿ ಸಮುದ್ರದಲ್ಲಿ ಜೊತೆಯಾಗಿ ಅಭ್ಯಾಸ ಮಾಡಿದವು. ಶಾರ್ಲ್ ದ ಗಾಲ್ ಅದೇ ವರ್ಷ ಜನವರಿಯಲ್ಲಿ ಗೋವಾಕ್ಕೂ ಬಂದಿತ್ತು.

ರಫೇಲ್-ಎಂ ನಮಗೂ ಬರುತ್ತದಂತೆ. ಹೌದಾ?

ಹೌದು. 2025ರ ಏಪ್ರಿಲ್ 28ರಂದು ಒಪ್ಪಂದಕ್ಕೆ ಸಹಿ ಆಯಿತು. ಒಟ್ಟು 26 ವಿಮಾನ: ಒಬ್ಬರೇ ಕೂರುವಂಥವು 22, ಇಬ್ಬರು ಕೂರುವಂಥವು 4. ಬೆಲೆ ಸುಮಾರು 63,000 ಕೋಟಿ ರೂಪಾಯಿ. ಎಲ್ಲವೂ 2030ರ ಹೊತ್ತಿಗೆ ಬರಬೇಕು.

ಫ್ರಾನ್ಸಿನಲ್ಲಿ ಕವಣೆಯಿಂದ ಹಾರುವ ಈ ವಿಮಾನ ನಮ್ಮ ಏರಿನಿಂದ ಹಾರುತ್ತದಾ ಅನ್ನುವುದೇ ಮೊದಲ ಪ್ರಶ್ನೆಯಾಗಿತ್ತು. ಅದಕ್ಕೆ ಉತ್ತರ ಸಿಕ್ಕಿದ್ದು ನಮ್ಮ ಊರಲ್ಲೇ. ಐಎನ್ಎಸ್ ಹಂಸದ ಒಳಗೆ ನೆಲದ ಮೇಲೇ ಹಡಗಿನ ಡೆಕ್‌ನಂಥ ಒಂದು ಏರು ಕಟ್ಟಿದ್ದಾರೆ. 2022ರ ಜನವರಿಯಲ್ಲಿ ರಫೇಲ್-ಎಂ ಅಲ್ಲಿಂದ ಹಾರಿ ತೋರಿಸಿತು. ಅದೇ ವರ್ಷ ಅಮೆರಿಕದ ಎಫ್/ಎ-18 ಕೂಡ ಬಂದು ಹಾರಿತು. ಆ ದಿನಗಳಲ್ಲಿ ‘ಇದು ಮಿಗ್ ಸದ್ದಲ್ಲ’ ಅಂತ ನಮ್ಮ ಗಲ್ಲಿಯ ಹುಡುಗರು ಕಿವಿಯಲ್ಲೇ ಗುರುತು ಹಿಡಿದಿದ್ದರು.

ರಕ್ಷಣಾ ಸಹಕಾರ ಅಂದರೆ ಬರೀ ಅವರು ಮಾರುವುದು, ನಾವು ಕೊಳ್ಳುವುದಾ?

ಅಷ್ಟೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಮುಂಬೈಯಲ್ಲಿ ಹಡಗು ಕಟ್ಟುವ ಮಝಗಾಂವ್ ಡಾಕ್ ನೋಡಿ. 2005ರಲ್ಲಿ ಒಪ್ಪಂದವಾಗಿ, ಫ್ರೆಂಚ್ ವಿನ್ಯಾಸದ ಆರು ಸ್ಕಾರ್ಪೀನ್ ಜಲಾಂತರ್ಗಾಮಿಗಳನ್ನು ಅಲ್ಲೇ ಕಟ್ಟಿದರು. ಮೊದಲನೆಯ ಕಲ್ವರಿ 2017ರಲ್ಲಿ ಪಡೆ ಸೇರಿತು, ಆರನೆಯ ವಾಘ್‌ಶೀರ್ 2025ರ ಜನವರಿ 15ರಂದು. ತಡವಾಯಿತು, ನಿಜ. ಮೊದಲ ದೋಣಿಗೇ 12 ವರ್ಷ ಹಿಡಿಯಿತು. ಆದರೆ ಜಲಾಂತರ್ಗಾಮಿಯ ಉಕ್ಕನ್ನು ಬೆಸೆಯುವುದು ಗೇಟಿಗೆ ವೆಲ್ಡಿಂಗ್ ಮಾಡಿದ ಹಾಗಲ್ಲ. ಕೂದಲೆಳೆಯಷ್ಟು ಬಿರುಕು ಉಳಿದರೂ ಆಳದಲ್ಲಿ ನೀರಿನ ಒತ್ತಡ ಅದನ್ನು ಹುಡುಕಿಕೊಂಡು ಬರುತ್ತದೆ. ಆ ಕೈಚಳಕ ಕಲಿತ ಕೆಲಸಗಾರರು ಈಗ ಮುಂಬೈಯಲ್ಲಿದ್ದಾರೆ. ಹೊಸ ಆರ್ಡರ್ ಕೊಡುವುದು ತಡವಾಗಿ ಅವರು ಚದುರಿಹೋದರೆ ನಷ್ಟ ನಮ್ಮದೇ ಅಂತ ನನ್ನ ಗಟ್ಟಿ ಅಭಿಪ್ರಾಯ.

ಬೆಂಗಳೂರಿನ ಎಚ್‌ಎಎಲ್ ಕಥೆ ಇನ್ನೂ ಹಳೆಯದು. ಚೇತಕ್ ಹೆಲಿಕಾಪ್ಟರ್ ಮೂಲದಲ್ಲಿ ಫ್ರಾನ್ಸಿನ ಅಲೂಎಟ್. 1960ರ ದಶಕದಿಂದ ಎಚ್‌ಎಎಲ್ ಅದನ್ನು ಪರವಾನಗಿ ಪಡೆದು ತಯಾರಿಸಿತು. ಈಗಿನ ಧ್ರುವ್ ಹೆಲಿಕಾಪ್ಟರ್‌ನ ‘ಶಕ್ತಿ’ ಎಂಜಿನ್ ಕೂಡ ಎಚ್‌ಎಎಲ್ ಮತ್ತು ಫ್ರೆಂಚ್ ಕಂಪನಿ ಸೇರಿ ರೂಪಿಸಿದ್ದು.

ಇನ್ನು 2018ರ ಮಾರ್ಚ್‌ನ ಒಪ್ಪಂದ. ಒಬ್ಬರ ನೆಲೆಯಲ್ಲಿ ಇನ್ನೊಬ್ಬರು ಇಂಧನ, ಆಹಾರ, ರಿಪೇರಿ ಪಡೆಯಬಹುದು, ಲೆಕ್ಕ ಆಮೇಲೆ ಚುಕ್ತಾ. ಕಿರಾಣಿ ಅಂಗಡಿಯ ಖಾತೆ ಪುಸ್ತಕದ ಹಾಗೆ. ಇದರಲ್ಲಿ ಸೈನಿಕ ನೆಲೆ ಬಿಟ್ಟುಕೊಡುವ ಮಾತಿಲ್ಲ.

ಅಭ್ಯಾಸದ ದಿನ ಮೀನಿಗೆ ಹೋಗಬಹುದಾ?

ಹೋಗಬಹುದು, ಆದರೆ ಗುಂಡು ಹಾರಿಸುವ ಜಾಗಕ್ಕೆ ಹೋಗಬಾರದು. ಆ ಜಾಗದ ಅಕ್ಷಾಂಶ–ರೇಖಾಂಶ, ದಿನ, ಹೊತ್ತು ಎಲ್ಲವನ್ನೂ ಮೊದಲೇ ಎಚ್ಚರಿಕೆಯಾಗಿ ಹೊರಡಿಸುತ್ತಾರೆ. ನಮ್ಮ ಭಾಗದ ಸಮುದ್ರದ ಎಚ್ಚರಿಕೆಗಳು ಡೆಹ್ರಾಡೂನ್‌ನ ರಾಷ್ಟ್ರೀಯ ಜಲಮಾಪನ ಕಚೇರಿಯಿಂದ ಬರುತ್ತವೆ. ಸಮುದ್ರದ ಎಚ್ಚರಿಕೆ ಬೆಟ್ಟದೂರಿನಿಂದ!

ಕಷ್ಟ ಇರುವುದು ಕೊನೆಯ ಹೆಜ್ಜೆಯಲ್ಲಿ. ಖಾರಿವಾಡೆ ಜೆಟ್ಟಿಯಲ್ಲಿ ಟ್ರಾಲರ್ ಹತ್ತುವ ಕೂಲಿಯವರಲ್ಲಿ ನಮ್ಮ ಕನ್ನಡದ ಹುಡುಗರೂ ಇದ್ದಾರೆ. ಒಂದು ಸಲ ಅಲ್ಲಿಯ ಹಲಗೆ ಮೇಲೆ ಇಂಗ್ಲಿಷ್ ನೋಟಿಸ್ ಅಂಟಿಸಿದ್ದರು. ಉಪ್ಪುಗಾಳಿಗೆ ಮಸಿ ಹರಡಿ, ಅಂಕಿಗಳಲ್ಲಿ 3 ಯಾವುದು 8 ಯಾವುದು ತಿಳಿಯುತ್ತಿರಲಿಲ್ಲ. ಒಬ್ಬ ಹುಡುಗ ನನ್ನನ್ನು ಕರೆದು ಓದಿಸಿದ. ನನಗೂ ಓದಲಾಗಲಿಲ್ಲ. ಕೊನೆಗೆ ದೋಣಿ ನಡೆಸುವ ತಾಂಡೇಲ ಫೋನ್ ಮಾಡಿ ಕೇಳಿ, ಜಿಪಿಎಸ್‌ನಲ್ಲಿ ಗುರುತು ಹಾಕಿಕೊಂಡ. ಕೊಂಕಣಿ, ಕನ್ನಡ, ಹಿಂದಿಯಲ್ಲಿ ನಾಲ್ಕು ಸಾಲು ದೊಡ್ಡಕ್ಷರದಲ್ಲಿ ಬರೆದು ಹಾಕುವುದು ದೊಡ್ಡ ಖರ್ಚಲ್ಲ. ಇದನ್ನು ಯಾರಾದರೂ ಮಾಡಲೇಬೇಕು.

ನೀವು ಮಾಡಬೇಕಾದದ್ದು: ದೋಣಿಯ ವಿಎಚ್‌ಎಫ್ ರೇಡಿಯೋ ಸೆಟ್ ಚಾನೆಲ್ 16ರಲ್ಲಿ ತೆರೆದಿಡಿ. ನೌಕೆಯವರು ಕರೆದರೆ ಉತ್ತರಿಸಿ. ಆಪತ್ತು ಬಂದರೆ ಕರಾವಳಿ ರಕ್ಷಣಾ ಪಡೆಯ ಸಂಖ್ಯೆ 1554. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಹೇಗೂ ನಿಷೇಧ ಇದೆ, ಆಗ ಈ ಪ್ರಶ್ನೆಯೇ ಬರುವುದಿಲ್ಲ.

ದಾಬೋಲಿಂ ವಿಮಾನಗಳು ತಡವಾಗುತ್ತವಾ?

ಆಗಬಹುದು. ಅದು ನೌಕಾಪಡೆಯ ನಿಲ್ದಾಣ, ನಾಗರಿಕ ವಿಮಾನಗಳಿಗೆ ಅದರಲ್ಲೊಂದು ಪಾಲು ಅಷ್ಟೇ. ಒಂದು ಬೆಳಗ್ಗೆ ನನ್ನ ಅಮ್ಮನನ್ನು ಬೆಂಗಳೂರಿಗೆ ಕಳಿಸಲು ಹೋದಾಗ ಮೂರು ಗಂಟೆ ಕಾದೆವು. ವಿಮಾನ ಕಂಪನಿಯವರು ಕಾರಣವೇ ಹೇಳಲಿಲ್ಲ. ಅಮ್ಮನಿಗೆ ಸಕ್ಕರೆ ಕಾಯಿಲೆ, ತಿನ್ನಲು ಏನೂ ತಂದಿರಲಿಲ್ಲ. ಅಂದಿನಿಂದ ನಾನು ಎಲ್ಲರಿಗೂ ಹೇಳುವುದು: ವಯಸ್ಸಾದವರ ಕೈಯಲ್ಲಿ ಒಂದು ಚಪಾತಿ ಕಟ್ಟಿಕೊಡಿ. ತುರ್ತು ಇದ್ದರೆ ಉತ್ತರ ಗೋವಾದ ಮೋಪಾ ನಿಲ್ದಾಣದಿಂದ ಟಿಕೆಟ್ ನೋಡಿ.

ಹಡಗಿನ, ವಿಮಾನದ ವಿಡಿಯೋ ಮಾಡಬಹುದಾ?

ಬೇಡ. ನೆಲೆಯ ಒಳಗಿನದು, ಗೇಟು, ಬೇಲಿ, ನಿಂತ ಹಡಗು, ಯಾವುದನ್ನೂ ತೆಗೆಯಬೇಡಿ. ಡ್ರೋನ್ ಅಂತೂ ಬೇಡವೇ ಬೇಡ. ‘ಹಡಗು ಯಾವಾಗ ಹೊರಟಿತು’ ಅಂತ ಫೇಸ್‌ಬುಕ್‌ನಲ್ಲಿ ಕೇಳುವ ಹೊಸ ಗೆಳತಿಯರ ಬಗ್ಗೆ ಹುಷಾರು. ಕಾರವಾರ ನೆಲೆಯ ಮಾಹಿತಿ ಸೋರಿಕೆ ಪ್ರಕರಣದಲ್ಲಿ 2025ರ ಫೆಬ್ರವರಿಯಲ್ಲಿ ಎನ್‌ಐಎ ಉತ್ತರ ಕನ್ನಡದವರನ್ನೇ ಬಂಧಿಸಿತು. ಗುತ್ತಿಗೆ ಕೆಲಸಕ್ಕೆ ಒಳಗೆ ಹೋಗುವ ನಮ್ಮ ಹುಡುಗರಿಗೆ ಮನೆಯಲ್ಲಿ ಕೂರಿಸಿ ಇದನ್ನು ಹೇಳಿ.

ಬೇರೆ ದೇಶಗಳ ಜೊತೆಗೂ ಹೀಗೆ ಮಾಡುತ್ತಾರಾ?

ಮಾಡುತ್ತಾರೆ. ಅಮೆರಿಕದ ಜೊತೆ 1992ರಲ್ಲಿ ಶುರುವಾದ ‘ಮಲಬಾರ್’ನಲ್ಲಿ ಈಗ ಜಪಾನ್, ಆಸ್ಟ್ರೇಲಿಯಾ ಕೂಡ ಇವೆ. ಬ್ರಿಟನ್ ಜೊತೆ ‘ಕೊಂಕಣ್’, ರಷ್ಯಾ ಜೊತೆ ‘ಇಂದ್ರ’, ಒಮಾನ್ ಜೊತೆ ‘ನಸೀಮ್ ಅಲ್ ಬಹರ್’. ಒಮಾನ್ ಜೊತೆಗಿನದು 2024ರ ಅಕ್ಟೋಬರ್‌ನಲ್ಲಿ ಗೋವಾ ಕಡಲಲ್ಲೇ ನಡೆಯಿತು.

ನಮ್ಮ ಮಕ್ಕಳು ನೌಕಾಪಡೆ ಸೇರಬೇಕೆಂದರೆ?

ಹತ್ತನೇ ತರಗತಿ ಅಥವಾ ಪಿಯುಸಿ ಆದವರಿಗೆ ಅಗ್ನಿವೀರ್ ದಾರಿ ಇದೆ. ಅವಧಿ ನಾಲ್ಕು ವರ್ಷ, ಆಮೇಲೆ ಕಾಯಂ ಆಗುವವರು ನೂರಕ್ಕೆ 25ರವರೆಗೆ. ತರಬೇತಿ ಒಡಿಶಾದ ಐಎನ್ಎಸ್ ಚಿಲ್ಕಾದಲ್ಲಿ. ಪರೀಕ್ಷೆ ಹಿಂದಿ ಮತ್ತು ಇಂಗ್ಲಿಷ್‌ನಲ್ಲಿ ಮಾತ್ರ. ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಿತ ಗೊತ್ತಿದ್ದರೂ ಪ್ರಶ್ನೆ ಅರ್ಥವಾಗದೆ ಸೋಲುವುದನ್ನು ಕಂಡಿದ್ದೇನೆ. ಕನ್ನಡದಲ್ಲಿ ಪರೀಕ್ಷೆ ಬರಬೇಕು. ಬರುವವರೆಗೆ ಎಂಟನೇ ತರಗತಿಯಿಂದಲೇ ಗಣಿತ, ವಿಜ್ಞಾನದ ಇಂಗ್ಲಿಷ್ ಪದಗಳನ್ನು ಕಲಿಸಿ. ಈಜು ಕಲಿಸಿ. ಕಡಲ ಪಕ್ಕ ಬೆಳೆದೂ ಈಜು ಬಾರದ ನಮ್ಮ ಮಕ್ಕಳು ಎಷ್ಟು ಜನ!

ಇದನ್ನೆಲ್ಲ ನಾವು ಹತ್ತಿರದಿಂದ ನೋಡಲು ಆಗುತ್ತದಾ?

ಅಭ್ಯಾಸ ನಡೆಯುವುದು ದಡದಿಂದ ದೂರ, ಬೈನಾ ಬೀಚ್‌ನಿಂದ ಕಾಣದು. ಕಾರವಾರಕ್ಕೆ ಹೋದರೆ ಟ್ಯಾಗೋರ್ ಬೀಚ್‌ನಲ್ಲಿ ಐಎನ್ಎಸ್ ಚಪಲ್ ಇದೆ, ಹಡಗಿನೊಳಗೇ ಓಡಾಡಬಹುದು. ಇಲ್ಲೇ ಆದರೆ ಬೋಗ್ಮಾಲೊ ರಸ್ತೆಯ ನೌಕಾ ವಿಮಾನಯಾನ ಮ್ಯೂಸಿಯಂ. 1998ರಲ್ಲಿ ತೆರೆದದ್ದು. ಮಕ್ಕಳು ನೇರ ಸೀ ಹ್ಯಾರಿಯರ್ ಕಡೆ ಓಡುತ್ತಾರೆ. ನೀವು ಅಲೀಝೆ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ಫ್ರಾನ್ಸಿನ ಬ್ರೆಗೆ ಕಂಪನಿಯ ವಿಮಾನ ಅದು. 1961ರಲ್ಲಿ ನಮ್ಮ ಹುಡುಗರು ಫ್ರಾನ್ಸಿಗೆ ಹೋಗಿ ಕಲಿತು ಅದನ್ನು ಹಳೆಯ ವಿಕ್ರಾಂತ್‌ಗೆ ತಂದರು. ಜಲಾಂತರ್ಗಾಮಿ ಹುಡುಕುವುದು ಅದರ ಕೆಲಸವಾಗಿತ್ತು. ಅಲೀಝೆ ಅಂದರೆ ಫ್ರೆಂಚಿನಲ್ಲಿ ವಾಣಿಜ್ಯ ಮಾರುತ, ಹಾಯಿಹಡಗುಗಳನ್ನು ಸಾಗರ ದಾಟಿಸುತ್ತಿದ್ದ ಗಾಳಿ. ಹಡಗಿನಲ್ಲಿ ಜಾಗ ಉಳಿಸಲು ರೆಕ್ಕೆ ಮಡಚುತ್ತಿದ್ದ ಕೀಲು ಈಗಲೂ ಕಾಣುತ್ತದೆ.